ಗೊಬ್ಬರ ಹಾಕಿದರೆ ಸಾಲದು, ಬೇರಿಗೆ ಮುಟ್ಟಬೇಕು

ಅಪ್ಪನ ಕೈನಡುಕಕ್ಕೆ ಮಾತ್ರೆ ಸಾಲುತ್ತಿಲ್ಲ, ನರಕೋಶ ಬೆಳೆಸುವ ಇಂಜೆಕ್ಷನ್ ಬಂದಿದೆಯಂತೆ, ಕೊಡಿಸಬಹುದೇ? ಸೋಮವಾರಪೇಟೆ, ವಿರಾಜಪೇಟೆ ಕಡೆ ಪಾರ್ಕಿನ್ಸನ್ಸ್ ಇರುವವರ ಮನೆಯವರು ಇದನ್ನು ಕೇಳುತ್ತಾರೆ. ಅವರ ಕಿವಿಗೆ ಬಿದ್ದಿರುವುದು ಬಹುಮಟ್ಟಿಗೆ ಜಿಡಿಎನ್ಎಫ್ ಎಂಬ ಪ್ರೋಟೀನಿನ ಸುದ್ದಿ. 1993ರಲ್ಲಿ ಪತ್ತೆಯಾದ ಇದು ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳನ್ನು ಪೋಷಿಸುತ್ತದೆ. ತೊಡಕಿರುವುದು ತಲುಪಿಸುವುದರಲ್ಲಿ.

ನುಂಗಿದರೆ ಅದು ಜೀರ್ಣವಾಗಿಬಿಡುತ್ತದೆ. ರಕ್ತಕ್ಕೆ ಕೊಟ್ಟರೆ ಮೆದುಳಿನ ತಡೆಗೋಡೆ ದಾಟುವುದಿಲ್ಲ. ಮೆದುಳಿನ ದ್ರವಕುಹರಕ್ಕೆ ಬಿಟ್ಟ 50 ಜನರ ಪ್ರಯೋಗದಲ್ಲಿ ವಾಕರಿಕೆ, ತೂಕ ಇಳಿಕೆ ಬಂದವು, ಚಲನೆ ಸುಧಾರಿಸಲಿಲ್ಲ. ಔಷಧ ಬೇಕಿದ್ದುದು ಚಲನೆ ನಿಯಂತ್ರಿಸುವ, ಮೆದುಳಿನ ಒಳಭಾಗವಾದ ಪುಟಾಮೆನ್‌ನಲ್ಲಿ, ಡೋಪಮೈನ್ ನರತಂತುಗಳ ತುದಿಯಲ್ಲಿ.

ಕಾಫಿ ಗಿಡದ ಗೊಬ್ಬರವನ್ನು ಬುಡದ ಸುತ್ತ ಹರಡುತ್ತೇವಲ್ಲ? ಒಂದೇ ಕಡೆ ಸುರಿದರೆ ಅಲ್ಲಿನ ಬೇರು ಸುಡುತ್ತದೆ, ಉಳಿದವಕ್ಕೆ ಸಿಗುವುದಿಲ್ಲ. 2006ರಲ್ಲಿ ಫಲಿತಾಂಶ ಪ್ರಕಟವಾದ 34 ಜನರ ಪ್ರಯೋಗದಲ್ಲಿ ಪ್ರತಿ ಪುಟಾಮೆನ್‌ಗೆ ದಿನಕ್ಕೆ 15 ಮೈಕ್ರೋಗ್ರಾಂ ನಿರಂತರ ಹರಿಸಿದರೂ ಫಲ ಕಾಣಲಿಲ್ಲ. ಔಷಧ ನಳಿಕೆಯ ತುದಿಯಲ್ಲೇ ದಟ್ಟವಾಗಿ ನಿಂತಿತೇ ಎಂಬ ವಾದ ಆಗ ಎದ್ದಿತು.

ಬ್ರಿಸ್ಟಲ್ ತಂಡ ದಾರಿ ಬದಲಿಸಿತು. ನಾಲ್ಕು ಸಪೂರ ನಳಿಕೆ, ಕಿವಿಯ ಹಿಂದೆ ತಲೆಬುರುಡೆಗೆ ಕೂರಿಸಿದ ಪೋರ್ಟ್ (ಔಷಧ ಹಾಕುವ ಬಾಯಿ), ನಾಲ್ಕು ವಾರಕ್ಕೊಮ್ಮೆ ಪ್ರತಿ ಪುಟಾಮೆನ್‌ಗೆ 120 ಮೈಕ್ರೋಗ್ರಾಂ. ಪಂಪಿನ ಸಣ್ಣ ಒತ್ತಡವೇ ದ್ರವವನ್ನು ಕೋಶಗಳ ಸಂದಿಯಲ್ಲಿ ಮುಂದಕ್ಕೆ ತಳ್ಳುತ್ತದೆ, ಆದ್ದರಿಂದ ನಿಮಿಷಕ್ಕೆ ಕೆಲವೇ ಮೈಕ್ರೋಲೀಟರ್. ವೇಗ ಹೆಚ್ಚಾದರೆ, ನಳಿಕೆ ದಪ್ಪವಾದರೆ ಔಷಧ ನಳಿಕೆಯ ಹೊರಮೈ ಹಿಡಿದು ಹಿಂದಕ್ಕೆ ಉಕ್ಕುತ್ತದೆ. ಚರ್ಮ ದಾಟಿ ಹೊರಬರುವ ಪೋರ್ಟ್ ಸೋಂಕಿಗೂ ದಾರಿ. ಜೂನ್‌ನಿಂದ ಬಟ್ಟೆಯೇ ಒಣಗದ ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಈ ಪ್ರಯೋಗದ 2019ರ ಫಲಿತಾಂಶ ಮನಸ್ಸಿಗೆ ಭಾರವೆನಿಸುತ್ತದೆ. ಪೆಟ್ ಸ್ಕ್ಯಾನ್‌ನಲ್ಲಿ ಡೋಪಾ (ಡೋಪಮೈನ್ ತಯಾರಾಗುವ ಕಚ್ಚಾವಸ್ತು) ಹೀರಿಕೆ, ಪುಟಾಮೆನ್‌ನ ಭಾಗಕ್ಕೆ ತಕ್ಕಂತೆ, 25ರಿಂದ 100 ಶೇಕಡ ಏರಿತ್ತು. ಆದರೆ 40 ವಾರಗಳ ಕೊನೆಗೆ ಚಲನೆಯ ಅಂಕದಲ್ಲಿ ಔಷಧ ಪಡೆದವರಿಗೆ 17.3, ಬರೀ ದ್ರವ ಪಡೆದವರಿಗೆ 11.8 ಶೇಕಡ ಸುಧಾರಣೆ. ಆ ಅಂತರವನ್ನು ಔಷಧದ ಲೆಕ್ಕಕ್ಕೆ ಹಾಕಲಾಗದು. ನರತಂತುಗಳು ಇನ್ನಷ್ಟು ಉಳಿದಿರುವ ಹಂತದಲ್ಲೇ ಕೊಡಬೇಕಿತ್ತೆಂದು ನನಗನಿಸುತ್ತದೆ. ನಿರುಪದ್ರವಿ ವೈರಸ್ ಮೂಲಕ ಇದರ ಜೀನನ್ನೇ ಒಮ್ಮೆ ಸೇರಿಸುವ ಪ್ರಯೋಗಗಳೂ ನಡೆದಿವೆ. ಅಲ್ಲಿ ಪೋರ್ಟ್ ಬೇಡ, ಆದರೆ ಒಮ್ಮೆ ಕೊಟ್ಟದ್ದನ್ನು ವಾಪಸ್ ತೆಗೆಯಲಾಗದು.

ಹಾಗಾಗಿ ಕೈಗೆ ಚುಚ್ಚಿ ಗ್ರೋತ್ ಫ್ಯಾಕ್ಟರ್ (ಜಿಡಿಎನ್ಎಫ್‌ನಂಥ ಪೋಷಕ ಪ್ರೋಟೀನು) ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ, ಸಿಟಿಆರ್‌ಐ (ಭಾರತದ ಔಷಧ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಅಷ್ಟರತನಕ ಪಾರ್ಕಿನ್ಸನ್ಸ್‌ನ ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡಿ; ಕಡಂಬುಟ್ಟಿನ ಜೊತೆಗಿನ ಪಂದಿಕರಿಯ ಪ್ರೋಟೀನ್ ಅದರ ಹೀರಿಕೆಗೆ ಅಡ್ಡ ಬರುತ್ತದೆ.