ದುಡ್ಡು ಯಾರದೋ ಫಲಿತಾಂಶವೂ ಅವರದೇನಾ?

ಪ್ರಶ್ನೆ: ಅನ್ನ, ಚಪಾತಿ ಬಿಡಿ ಅನ್ನುವ ಸಂಶೋಧನೆಗೂ ಯಾರದೋ ದುಡ್ಡು, ಬಿಡಬೇಡಿ ಅನ್ನುವುದಕ್ಕೂ ಯಾರದೋ ದುಡ್ಡು. ಹಾಗಾದ್ರೆ ಎಲ್ಲಾ ಬರೆಸಿಕೊಂಡಿದ್ದೇ ಅಲ್ವಾ?

ಉತ್ತರ: ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ದಯವಿಟ್ಟು ಕೊನೆಯವರೆಗೂ ಓದಿ.

ಎಲ್ಲರೂ ಎತ್ತುವುದು 1967ರ ಪ್ರಕರಣ. ಅಮೆರಿಕದ ಸಕ್ಕರೆ ಉದ್ಯಮದ ಶುಗರ್ ರಿಸರ್ಚ್ ಫೌಂಡೇಶನ್ ಹಾರ್ವರ್ಡ್‌ನ ವಿಜ್ಞಾನಿಗಳಿಗೆ 6,500 ಡಾಲರ್ ಕೊಟ್ಟಿತ್ತು. ಅವರ ಲೇಖನ ಹೃದ್ರೋಗದ ವಿಷಯದಲ್ಲಿ ಸಕ್ಕರೆಯನ್ನು ಪಕ್ಕಕ್ಕೆ ಸರಿಸಿ ಕೊಬ್ಬಿನ ಕಡೆ ಬೆರಳು ತೋರಿಸಿತು. ದುಡ್ಡಿನ ವಿಷಯವನ್ನು ಅದರಲ್ಲಿ ಹೇಳಿರಲಿಲ್ಲ. 2016ರಲ್ಲಿ ಹಳೆಯ ಕಾಗದಪತ್ರಗಳಿಂದ ಅದು ಹೊರಬಿತ್ತು. ಆದರೆ ಗಮನಿಸಿ, ಅದು ಪ್ರಯೋಗವೇ ಅಲ್ಲ. ಆಗಲೇ ಬಂದಿದ್ದ ಅಧ್ಯಯನಗಳ ವಿಮರ್ಶೆ. ಸಕ್ಕರೆಯನ್ನು ದೂರುವ ಅಧ್ಯಯನಕ್ಕೆ ಬಿಗಿ ಅಳತೆ, ಕೊಬ್ಬನ್ನು ದೂರುವುದಕ್ಕೆ ಸಡಿಲ ಅಳತೆ ಇಟ್ಟರು ಅನ್ನುವುದೇ 2016ರ ಆರೋಪ. ಸುಳ್ಳು ಅಂಕಿ ಬರೆದರು ಅಂತಲ್ಲ.

ಈಗ ಇನ್ನೊಂದು ಕಡೆ ನೋಡಿ. 2012ರಲ್ಲಿ ಅಮೆರಿಕದ ವಿಜ್ಞಾನ ಪತ್ರಕರ್ತ ಗ್ಯಾರಿ ಟಾಬ್ಸ್ ಮತ್ತು ವೈದ್ಯ ಪೀಟರ್ ಅಟ್ಟಿಯಾ, ಆಹಾರದ ಸಂಶೋಧನೆಗೆ ದುಡ್ಡು ಕೊಡಲು ನ್ಯೂಸಿ (NuSI) ಎಂಬ ಸಂಸ್ಥೆ ಕಟ್ಟಿದರು. ಬೊಜ್ಜಿಗೆ ಕಾರ್ಬ್ (ಅನ್ನ, ಚಪಾತಿ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ಕಾರಣ ಅನ್ನುವುದು ಟಾಬ್ಸ್ ಅವರ ಗಟ್ಟಿ ನಂಬಿಕೆ. ಆ ಸಂಸ್ಥೆಯ ದುಡ್ಡಿನಲ್ಲೇ ವಿಜ್ಞಾನಿ ಕೆವಿನ್ ಹಾಲ್ 17 ಗಂಡಸರನ್ನು 8 ವಾರ ಆಸ್ಪತ್ರೆಯಂಥ ಜಾಗದಲ್ಲಿ ಇರಿಸಿ, ಊಟ ತೂಗಿ ಕೊಟ್ಟು ಅಳೆದರು. ಕೊನೆಯ 4 ವಾರ ಕೀಟೋ ಊಟ, ಅಂದರೆ ಕಾರ್ಬ್ ತೀರಾ ಕಡಿಮೆ, ಕೊಬ್ಬು ಬಹಳ ಜಾಸ್ತಿ ಇರುವ ಊಟ. ಕೊಬ್ಬು ಕರಗುವ ವೇಗ ಜಾಸ್ತಿಯಾಗಲಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ 609 ಜನರ ಒಂದು ವರ್ಷದ ಫಲಿತಾಂಶ ಕೊಟ್ಟರು. ಅದಕ್ಕೂ ನ್ಯೂಸಿಯ ದುಡ್ಡಿತ್ತು, ಸರ್ಕಾರದ್ದೂ ಇತ್ತು. ಲೋ-ಕಾರ್ಬ್‌ನವರು (ಕಾರ್ಬ್ ಕಡಿಮೆ ತಿಂದವರು) 6 ಕೆ.ಜಿ. ಇಳಿದರು, ಲೋ-ಫ್ಯಾಟ್‌ನವರು (ಕೊಬ್ಬು ಕಡಿಮೆ ತಿಂದವರು) 5.3 ಕೆ.ಜಿ. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇ ಇಲ್ಲ. ದುಡ್ಡು ಕೊಟ್ಟವರ ಆಸೆಯೇ ಫಲಿತಾಂಶವಾಗುವುದಾದರೆ ಈ ಎರಡೂ ಹೀಗೆ ಬರುತ್ತಿದ್ದವಾ?

ಹಾಗಂತ ಪ್ರಭಾವ ಇಲ್ಲವೆಂದಲ್ಲ. ತಂಪು ಪಾನೀಯ, ಜ್ಯೂಸ್, ಹಾಲಿನ ಅಧ್ಯಯನಗಳನ್ನು 2007ರಲ್ಲಿ ಬೇರೆ ಸಂಶೋಧಕರು ಒಟ್ಟಿಗೆ ಪರಿಶೀಲಿಸಿದರು. ಪೂರ್ತಿ ಉದ್ಯಮದ ದುಡ್ಡಿನಲ್ಲೇ ನಡೆದ ಪ್ರಯೋಗಗಳಲ್ಲಿ ಉತ್ಪನ್ನಕ್ಕೆ ವಿರುದ್ಧವಾದ ತೀರ್ಮಾನ ಒಂದೂ ಇರಲಿಲ್ಲ. ಉದ್ಯಮದ ದುಡ್ಡಿಲ್ಲದವುಗಳಲ್ಲಿ 37%. ಅಂಕಿ ತಿದ್ದದೆಯೂ ಹೀಗಾಗಬಹುದು. ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಯಾವುದಕ್ಕೆ ಹೋಲಿಸಬೇಕು, ಯಾವುದನ್ನು ಪ್ರಕಟಿಸದೆ ಇಡಬೇಕು ಅನ್ನುವಲ್ಲೇ ವಾಲಿಕೆ ಶುರುವಾಗುತ್ತದೆ. ಗಾರ್ಡ್ನರ್ ಎರಡೂ ಗುಂಪಿಗೆ ಸಕ್ಕರೆ, ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚಿಸಿ ಅಂದಿದ್ದರು. ಒಂದು ಗುಂಪಿಗೆ ಮಾತ್ರ ಹಾಗೆ ಹೇಳಿದ್ದರೆ ಆ ಗುಂಪೇ ಗೆಲ್ಲುತ್ತಿತ್ತೇನೋ. ಅದಕ್ಕೇ ನಾನು ದುಡ್ಡಿನ ಸಾಲು ಓದಿದ ಮೇಲೆ ಸೀದಾ ಹೋಲಿಕೆಯ ಗುಂಪಿಗೆ ಏನು ತಿನ್ನಿಸಿದರು ಅಂತ ನೋಡುತ್ತೇನೆ.

ಅಂದ ಹಾಗೆ, ಅನ್ನ ಬಿಟ್ಟು ಮುದ್ದೆ ಉಂಡರೆ ಅದು ಲೋ-ಕಾರ್ಬ್ ಅಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬ್, ಅಕ್ಕಿಯಲ್ಲಿ 78. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ಜಾಸ್ತಿ, ಅದಕ್ಕಾಗಿ ಖಂಡಿತ ಉಣ್ಣಿ. ಆದರೆ ಹಾಲ್ ಅವರ ಕೀಟೋ ಊಟದಲ್ಲಿ ಕಾರ್ಬ್‌ನಿಂದ ಬರುತ್ತಿದ್ದ ಶಕ್ತಿ 5% ಮಾತ್ರ. ಒಂದು ದೊಡ್ಡ ಮುದ್ದೆಗೇ ಇಡೀ ದಿನದ ಆ ಪಾಲು ಮುಗಿದುಹೋಗುತ್ತದೆ.