ಎತ್ತರ ನೋಡಿ ಟ್ರಯಲ್ಸ್ ಸೈಕಲ್ ಕೊಳ್ಳಬೇಡಿ

ಗೋಡೆ, ಬಂಡೆ ಹತ್ತುವ ಆಟಕ್ಕೆಂದೇ ಮಾಡಿದ ಟ್ರಯಲ್ಸ್ ಸೈಕಲ್ ಬೇಕೆಂದು ಬರುವವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನನ್ನ ಎತ್ತರಕ್ಕೆ ಯಾವುದು ಸರಿಹೋಗುತ್ತದೆ?" ಇಂಗ್ಲೆಂಡಿನಲ್ಲಿ ಈ ಸೈಕಲ್‌ಗಳನ್ನು ಜೋಡಿಸುವುದು, ರಿಪೇರಿ ಮಾಡುವುದೇ ನನ್ನ ಕೆಲಸ. ನಾನು ಉತ್ತರ ಹೇಳುವ ಬದಲು ಒಂದು ಮರುಪ್ರಶ್ನೆ ಹಾಕುತ್ತೇನೆ. ಎದುರಿಗೆ ಸೊಂಟದೆತ್ತರದ ಗೋಡೆಯಿದೆ. ಅದರ ಬುಡದಲ್ಲಿ ಹಿಂದಿನ ಚಕ್ರದ ಮೇಲೆ ನಿಂತು, ಅಲ್ಲಿಂದಲೇ ಪಕ್ಕಕ್ಕೆ ಹಾರಿ ಹತ್ತುವ ಆಸೆಯೋ? ನಾಲ್ಕಾರು ಮಾರು ದೂರದಿಂದ ಉರುಳಿಸಿಕೊಂಡು ಬಂದು, ಮುಂದಿನ ಚಕ್ರವನ್ನು ಗೋಡೆಗೆ ಒತ್ತಿ ಏರುವ ಆಸೆಯೋ? ಅಥವಾ ಗೋಡೆಯ ಮೇಲೆಯೇ ಓಡಿಸಿ, ಕೊನೆಯಲ್ಲಿ ಸೈಕಲನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಇಳಿಯುವ ಆಸೆಯೋ? ಆಯ್ಕೆ ನಿಂತಿರುವುದು ಈ ಉತ್ತರದ ಮೇಲೆ.

ಕಾಲು ನೆಲಕ್ಕೆ ತಾಗಿಸದೆ ಬಂಡೆ, ಮರದ ದಿಮ್ಮಿ, ಗೋಡೆಗಳನ್ನು ದಾಟುವ ಈ ಆಟ ಹುಟ್ಟಿದ್ದು ಮೋಟಾರ್‌ಸೈಕಲ್ ಟ್ರಯಲ್ಸ್‌ನಿಂದ. ಸ್ಪೇನಿನ ಕೆಟಲೋನಿಯಾದಲ್ಲಿ ಮಾಂಟೆಸಾ ಮೋಟಾರ್‌ಸೈಕಲ್ ಸವಾರರಾಗಿದ್ದ ಪೆರೆ ಪಿ 1980ರ ದಶಕದಲ್ಲಿ ಮಾಂಟಿ ಎಂಬ ಸೈಕಲ್ ಕಂಪನಿ ಕಟ್ಟಿದರು. ಅವರ ಮಗ ಓಟ್ ಪಿ ವಿಶ್ವ ಚಾಂಪಿಯನ್ ಆದರು. ಆ ಪರಂಪರೆಯ ಚಿಕ್ಕ ಚಕ್ರದ ಸೈಕಲ್ಲೇ ಇಂದಿನ 20 ಇಂಚಿನದು. ಸವಾರರು ಅದನ್ನು 'ಮಾಡ್' ಎನ್ನುತ್ತಾರೆ. ಹೆಸರಿಗೆ 20 ಇಂಚು, ಆದರೆ ಹಿಂದಿನ ಚಕ್ರ 19 ಇಂಚಿನದು, ಅದರ ಮೇಲೆ ದಪ್ಪನೆಯ ಟೈರ್. ಮೌಂಟನ್ ಬೈಕ್‌ನಿಂದ ಬೆಳೆದು ಬಂದ 26 ಇಂಚಿನದಕ್ಕೆ 'ಸ್ಟಾಕ್' ಎಂಬ ಹೆಸರಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪುರುಷರ ಸ್ಪರ್ಧೆಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ವಿಭಾಗಗಳಿವೆ. ಮೂರನೆಯದು 24 ಇಂಚಿನ ಸ್ಟ್ರೀಟ್ ಟ್ರಯಲ್ಸ್ ಸೈಕಲ್. 2009ರಲ್ಲಿ ಎಡಿನ್‌ಬರೋ ಬೀದಿಗಳಲ್ಲಿ ಡ್ಯಾನಿ ಮ್ಯಾಕ್‌ಆಸ್ಕಿಲ್ ಓಡಿಸಿದ ಸೈಕಲ್ಲಿನ ವಿಡಿಯೊ ಜಗತ್ತಿನಾದ್ಯಂತ ಹರಡಿದ ಮೇಲೆ ಇದಕ್ಕೆ ಬೇಡಿಕೆ ಬಂತು.

ಚಕ್ರದ ಅಳತೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಮೊದಲು ನೋಡುವುದು ಬಾಟಮ್ ಬ್ರ್ಯಾಕೆಟ್, ಅಂದರೆ ಪೆಡಲ್‌ಗಳ ತೋಳಾದ ಕ್ರ್ಯಾಂಕ್ ಕೂತಿರುವ ಜಾಗ, ಎಲ್ಲಿದೆ ಎಂಬುದನ್ನು. ಎರಡು ಚಕ್ರಗಳ ಅಚ್ಚುಗಳ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಕ್ರ್ಯಾಂಕ್ ತಿರುಗುವ ಜಾಗ ಮಾಮೂಲಿ ರಸ್ತೆ ಸೈಕಲ್ಲಿನಲ್ಲಿ ಆ ಗೆರೆಗಿಂತ ಕೆಳಗಿರುತ್ತದೆ. ಸ್ಪರ್ಧೆಯ ಟ್ರಯಲ್ಸ್ ಸೈಕಲ್ಲಿನಲ್ಲಿ ಮೇಲಿರುತ್ತದೆ. 20 ಇಂಚಿನ ಫ್ರೇಮುಗಳಲ್ಲಿ 60 ಮಿಲಿಮೀಟರ್ ದಾಟಿರುವುದೂ ಉಂಟು. ಅದು ಮೇಲೇರಿದಷ್ಟೂ ಸವಾರ ಹಿಂದಿನ ಚಕ್ರದ ಮೇಲೆ ಎದ್ದು ಕೂಡಲೇ ಜಿಗಿಯುವುದು ಸುಲಭ. ಆದರೆ ವೇಗವಾಗಿ ಉರುಳುವಾಗ ಅದೇ ಸೈಕಲ್ ಚಂಚಲವಾಗುತ್ತದೆ, ಉರುಳುತ್ತಲೇ ಎರಡೂ ಚಕ್ರ ಎತ್ತಿ ಹಾರುವ ಬನ್ನಿ ಹಾಪ್ ಮಾಡುವಾಗ ಸತಾಯಿಸುತ್ತದೆ. ಸ್ಟ್ರೀಟ್ ಫ್ರೇಮುಗಳಲ್ಲಿ ಇದು ಅಚ್ಚಿನ ಗೆರೆಗೆ ಹತ್ತಿರವೇ ಇರುತ್ತದೆ. ಹಾಗಾಗಿ ಸೈಕಲ್ಲಿನೊಳಗೆ ನಿಂತ ಭಾವನೆ ಬರುತ್ತದೆ, ಉರುಳುವಾಗ ಭರವಸೆ ಹುಟ್ಟುತ್ತದೆ. 26 ಇಂಚಿನದರಲ್ಲಿ ಮಾದರಿಯಿಂದ ಮಾದರಿಗೆ ವ್ಯತ್ಯಾಸ ದೊಡ್ಡದು, ಈ ಅಂಕಿಯನ್ನು ಕೇಳದೆ ಹಣ ಕೊಡಬಾರದು.

ಇದಕ್ಕೆ ವೀಲ್‌ಬೇಸ್, ಅಂದರೆ ಎರಡು ಅಚ್ಚುಗಳ ನಡುವಿನ ದೂರ, ಸೇರಿಸಿ ನೋಡಿ. 20 ಇಂಚಿನದಕ್ಕೆ ಸುಮಾರು 1000 ಮಿಲಿಮೀಟರ್, 26 ಇಂಚಿನದಕ್ಕೆ ಸುಮಾರು 1080. ಉದ್ದ ಹೆಚ್ಚಿದಂತೆ ಒಂದು ಬಂಡೆಯಿಂದ ಇನ್ನೊಂದಕ್ಕೆ ಚಾಚಿ ದಾಟುವುದು ಹಗುರ, ದೊಡ್ಡ ಚಕ್ರವೂ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಳ್ಳದು. ಕಾಡು, ಹಳ್ಳ, ಬಂಡೆಗಳೇ ನಿಮ್ಮ ಅಂಗಳವಾದರೆ 26 ಇಂಚಿಗೆ ನನ್ನ ಮತ. ಇಕ್ಕಟ್ಟಾದ ಜಾಗದಲ್ಲಿ, ನಿಂತಲ್ಲಿಂದಲೇ ಸಿಡಿಯುವ ಬಲ ನಿಮಗಿದ್ದರೆ 20 ಇಂಚಿನದು.

ಈಚೆಗೆ ಒಬ್ಬ ಕನ್ನಡಿಗ ತಂದೆ ಹನ್ನೆರಡರ ಮಗನನ್ನು ಕರೆತಂದಿದ್ದರು. "ಸರ್, ಹುಡುಗ ಚಿಕ್ಕವನು, 20 ಇಂಚೇ ಸಾಕಲ್ಲವೇ?" ಎಂದರು. ಹುಡುಗನಿಗೆ ಅಂಗಳದಲ್ಲಿದ್ದ ಸೈಕಲ್ ಕೊಟ್ಟು ಸುಮ್ಮನೆ ನೋಡಿದೆ. ಅವನು ಒಮ್ಮೆಯೂ ನಿಲ್ಲಲಿಲ್ಲ. ಕಟ್ಟೆ ಕಂಡಲ್ಲೆಲ್ಲ ವೇಗ ಹೆಚ್ಚಿಸಿ ಎರಡೂ ಚಕ್ರ ಎತ್ತುತ್ತಿದ್ದ. ಅವನು ಸ್ಟ್ರೀಟ್ ಸವಾರ, 24 ಇಂಚಿನದು ಕೊಡಿಸಿ ಎಂದೆ. ಆರಡಿ ಎತ್ತರದವರು 20 ಇಂಚಿನದರಲ್ಲಿ ಸಲೀಸಾಗಿ ಸ್ಪರ್ಧಿಸುತ್ತಾರೆ. ಎತ್ತರವನ್ನು ಹ್ಯಾಂಡಲ್ ಮತ್ತು ಅದನ್ನು ಹಿಡಿದಿಡುವ ಸ್ಟೆಮ್ ಬದಲಿಸಿ ಹೊಂದಿಸಬಹುದು, ಸವಾರಿಯ ಸ್ವಭಾವವನ್ನಲ್ಲ.

ಗೇರ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. 20 ಇಂಚಿನದಕ್ಕೆ ಮುಂದೆ 18, ಹಿಂದೆ 12 ಹಲ್ಲು. 26 ಇಂಚಿನದಕ್ಕೆ 18 ಮತ್ತು 15. ಲೆಕ್ಕ ಹಾಕಿದರೆ ಎರಡರಲ್ಲೂ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಹಿಂದಿನ ಹಲ್ಲುಗಾಲಿ ಇಷ್ಟು ಚಿಕ್ಕದಾದ ಕಾರಣ ಸ್ಪರ್ಧೆಯ ಸೈಕಲ್‌ಗಳಲ್ಲಿ ಫ್ರೀವೀಲ್ (ಪೆಡಲ್ ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಭಾಗ) ಕ್ರ್ಯಾಂಕಿನಲ್ಲೇ ಕೂತಿರುತ್ತದೆ. ಅದನ್ನು ಪರೀಕ್ಷಿಸುವ ವಿಧಾನ ಹೀಗೆ: ಹಿಂದಿನ ಬ್ರೇಕ್ ಬಿಗಿಯಾಗಿ ಹಿಡಿದು ಪೆಡಲನ್ನು ಅಂಗೈಯಿಂದ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಒಂದು ಸುತ್ತಿನಲ್ಲಿ 108 ಕಡೆ ಹಿಡಿಯುವ ಫ್ರೀವೀಲ್ ಆದರೆ ಮೂರೂ ಚಿಲ್ಲರೆ ಡಿಗ್ರಿಯಲ್ಲಿ 'ಟಕ್' ಎಂದು ಕಚ್ಚುತ್ತದೆ, 72ರದು ಐದು ಡಿಗ್ರಿಯಲ್ಲಿ. ಒಮ್ಮೆ ಕಚ್ಚಿ ಒಮ್ಮೆ ಜಾರಿದರೆ ಆ ಸೈಕಲ್ ಮೇಲೆ ಹತ್ತಲೇಬೇಡಿ. ಜಿಗಿಯುವ ಗಳಿಗೆಯಲ್ಲಿ ಅದು ಜಾರಿದರೆ ಮೊಣಕಾಲು ನೇರ ಸ್ಟೆಮ್‌ಗೆ ಬಡಿಯುತ್ತದೆ.

ಬ್ರೇಕ್ ಕೂಡ ಸವಾರಿಯ ರೀತಿಯನ್ನೇ ಹಿಂಬಾಲಿಸಬೇಕು. ಹಿಂದಿನ ಚಕ್ರದ ಮೇಲೆ ಕುಣಿಯುವವರಿಗೆ ಮಗೂರಾ ಎಚ್‌ಎಸ್33ರಂತಹ ಹೈಡ್ರಾಲಿಕ್ ರಿಮ್ ಬ್ರೇಕ್ ಇಂದಿಗೂ ಅಚ್ಚುಮೆಚ್ಚು. ಆ್ಯಂಗಲ್ ಗ್ರೈಂಡರ್‌ನಿಂದ ರಿಮ್‌ನ ಪಕ್ಕೆಯನ್ನು ತರಿತರಿಯಾಗಿ ಉಜ್ಜಿದರೆ ಪ್ಯಾಡ್ ಕೂದಲೆಳೆಯಷ್ಟೂ ಜಾರದೆ ಹಿಡಿಯುತ್ತದೆ. ಕಿರುಚುತ್ತದೆ, ಪ್ಯಾಡುಗಳನ್ನು ಬೇಗ ತಿನ್ನುತ್ತದೆ. ಆದರೂ ಮೂರಡಿ ಗೋಡೆಯ ಅಂಚಿನಲ್ಲಿ ನಿಂತಾಗ ನನಗೆ ಬೇಕಾದದ್ದು ಆ ಹಿಡಿತವೇ. ಬೀದಿಯಲ್ಲಿ ವೇಗವನ್ನು ಅಳೆದು ಇಳಿಸಬೇಕಾದ ಸ್ಟ್ರೀಟ್ ಸವಾರನಿಗೆ ಅಷ್ಟು ಒರಟು ಹಿಡಿತ ತೊಡಕು, ಅವನಿಗೆ ಡಿಸ್ಕ್ ಬ್ರೇಕ್ ಒಳ್ಳೆಯದು.

ಕರ್ನಾಟಕದಲ್ಲಿದ್ದು ಹೊರದೇಶದಿಂದ ತರಿಸಿಕೊಳ್ಳುವವರಿಗೆ ಬಿಡಿಭಾಗಗಳ ಮಾತು ಮುಖ್ಯ. 20 ಇಂಚಿನದರ ಹಿಂದಿನ ಹಬ್ 116 ಮಿಲಿಮೀಟರ್ ಅಗಲದ್ದು, ಟೈರ್ 19 ಇಂಚಿನದು. ಎರಡೂ ಟ್ರಯಲ್ಸ್‌ಗೆಂದೇ ಮಾಡಿದವು, ಸಾಮಾನ್ಯ ಸೈಕಲ್ ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. 26 ಇಂಚಿನದರಲ್ಲಿ 135 ಮಿಲಿಮೀಟರ್ ಹಬ್ ಇರುತ್ತದೆ, ಮೌಂಟನ್ ಬೈಕ್ ಟೈರ್ ಹಾಕಬಹುದು. ಎರಡು ಬಗೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಇದೊಂದೇ ಕಾರಣಕ್ಕೆ ದೊಡ್ಡದನ್ನು ಆರಿಸಿ.

ಹಳೆಯ ಸೈಕಲ್ ಕೊಳ್ಳುವಾಗ ಫ್ರೇಮಿನ ಮುಂತುದಿಯ ಕೊಳವೆಯಾದ ಹೆಡ್ ಟ್ಯೂಬಿನ ಕೆಳಗಿನ ವೆಲ್ಡ್ ಮತ್ತು ಬಾಟಮ್ ಬ್ರ್ಯಾಕೆಟ್‌ಗೆ ಚೈನ್‌ಸ್ಟೇ (ಹಿಂದಿನ ಚಕ್ರದಿಂದ ಬರುವ ಕೆಳಗಿನ ಕೊಳವೆ) ಸೇರುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ನೋಡಿ. ಅಲ್ಯೂಮಿನಿಯಂ ಫ್ರೇಮು ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ. ಕೂದಲಿನಷ್ಟು ತೆಳ್ಳನೆಯ ಕಪ್ಪು ಗೆರೆ ಕಂಡರೆ, ಉಗುರು ಎಳೆದು ನೋಡಿ. ಉಗುರು ತಡೆದರೆ ಮಾರುವವರು ಬೆಲೆಯನ್ನು ಅರ್ಧಕ್ಕಿಳಿಸಿದರೂ ಆ ಫ್ರೇಮು ಬೇಡ.