ಊಲಾಂಗ್ ಟೀ ಬ್ಯಾಗ್: ಬಣ್ಣಕ್ಕಾಗಿ ಕಾಯಬೇಡಿ

ಪ್ರಶ್ನೆ: ಊಲಾಂಗ್ ಟೀ ಬ್ಯಾಗ್ ಮೂರು ನಿಮಿಷ ಬಿಟ್ಟರೂ ಬಣ್ಣವೇ ಬಿಡುವುದಿಲ್ಲ. ಬಣ್ಣ ಬರಲಿ ಅಂತ ಹತ್ತು ನಿಮಿಷ ಬಿಟ್ಟರೆ ಬಾಯೆಲ್ಲ ಒಗರು. ಬ್ಯಾಗ್ ಸರಿಯಿಲ್ಲವೋ, ನಾವು ಮಾಡುವ ರೀತಿ ಸರಿಯಿಲ್ಲವೋ?

ಉತ್ತರ: ಊಲಾಂಗ್ ಅಂದರೆ ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಟೀ. ಬ್ಯಾಗ್ ಚೆನ್ನಾಗೇ ಇದೆ. ಮೊದಲ ಮೂರು ನಿಮಿಷ ನೀವು ಮಾಡಿದ್ದೂ ಸರಿ. ಕೆಟ್ಟಿದ್ದು ಆಮೇಲಿನ ಏಳು ನಿಮಿಷದಲ್ಲಿ.

ಅಳತೆ ಮೊದಲು ಹೇಳಿಬಿಡೋಣ. ಒಂದು ಬ್ಯಾಗಿನಲ್ಲಿ ಸಾಮಾನ್ಯವಾಗಿ 2 ಗ್ರಾಂ ಎಲೆ ಇರುತ್ತದೆ. ಅದಕ್ಕೆ 150ರಿಂದ 180 ಮಿಲಿ ನೀರು ಸಾಕು, ಅಂದರೆ ಒಂದು ಸಣ್ಣ ಲೋಟ. 300 ಮಿಲಿ ಹಿಡಿಯುವ ಆಫೀಸ್ ಮಗ್ ತುಂಬಾ ನೀರು ಹೊಯ್ದು ಒಂದೇ ಬ್ಯಾಗ್ ಅದ್ದಿದರೆ ಸಪ್ಪೆಯಾಗದೆ ಇನ್ನೇನಾಗುತ್ತದೆ? ಬ್ಯಾಗ್ ಮೊದಲು ಹಾಕಿ, ಅದರ ಮೇಲೆ ನೀರು ಸುರಿಯಿರಿ. ನೀರಿನ ಮೇಲೆ ಬ್ಯಾಗ್ ಹಾಕಿದರೆ ಒಳಗಿನ ಗಾಳಿಯಿಂದ ಅದು ತೇಲುತ್ತದೆ, ಎಲೆ ಅರ್ಧ ಒಣಗಿಯೇ ಉಳಿಯುತ್ತದೆ. ತಟ್ಟೆ ಮುಚ್ಚಿ. ಪುಡಿ ಎಲೆಯ ಚಪ್ಪಟೆ ಬ್ಯಾಗಿಗೆ 2ರಿಂದ 3 ನಿಮಿಷ, ಉಂಡೆ ಸುತ್ತಿದ ಎಲೆ ಇರುವ ಪಿರಮಿಡ್ ಬ್ಯಾಗಿಗೆ 4 ನಿಮಿಷ. ತೆಗೆದ ಬ್ಯಾಗನ್ನು ಚಮಚಕ್ಕೆ ಒತ್ತಿ ಹಿಂಡಬೇಡಿ, ಕೊನೆಯ ಆ ಹನಿಗಳಲ್ಲಿ ಒಗರೇ ಜಾಸ್ತಿ.

ಥರ್ಮಾಮೀಟರ್ ಕೊಳ್ಳಬೇಕಾ ಅಂತಲೂ ಕೇಳುತ್ತಾರೆ. ಬೇಡ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಕುದಿ ಬಂದಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ತಣ್ಣನೆಯ ಮಗ್‌ಗೆ ಸುರಿದರೆ ಊಲಾಂಗ್‌ಗೆ ಬೇಕಾದ 90ರ ಆಸುಪಾಸಿಗೆ ತಾನಾಗಿಯೇ ಇಳಿಯುತ್ತದೆ. ತೊಂದರೆ ಕೊಡುವುದು ಆಫೀಸಿನ ಡಿಸ್ಪೆನ್ಸರ್. ಮಧ್ಯಾಹ್ನ ನಾಲ್ಕಕ್ಕೆ ಎಲ್ಲರೂ ಸಾಲಾಗಿ ಹಿಡಿದ ಮೇಲೆ ಅದರಲ್ಲಿ ಬರುವುದು ಬೆಚ್ಚಗಿನ ನೀರು.

ಈಗ ಬಣ್ಣದ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ, ಇನ್ನೊಂದು ಸಲ ಹೇಳುತ್ತೇನೆ: ಬಣ್ಣಕ್ಕೂ ಸ್ಟ್ರಾಂಗ್‌ಗೂ ಸಂಬಂಧವಿಲ್ಲ.

ಈ ನಂಬಿಕೆ ಬಂದಿರುವುದು ನಮ್ಮ ಅಡುಗೆಮನೆಯ ಸಿಟಿಸಿ ಪುಡಿಯಿಂದ, ಅಂದರೆ ಹಾಲು ಹಾಕಿ ಕುದಿಸುವ ಕಾಳುಕಾಳಾದ ಟೀ ಪುಡಿಯಿಂದ. ಅಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಪೂರ್ತಿ ಕಂದು ತಿರುಗಲು ಬಿಡುತ್ತಾರೆ. ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ಒಗರು ಅಂಶಗಳು ಗಾಳಿ ತಾಗಿ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಬಣ್ಣದ ಅಂಶಗಳಾಗುತ್ತವೆ, ಕೆಂಪು ಬರುವುದು ಅವುಗಳಿಂದ. ಹಗುರ ಊಲಾಂಗ್‌ನಲ್ಲಿ ಎಲೆಯ ಅಂಚನ್ನಷ್ಟೇ ಕುಲುಕಿ ಗಾಯ ಮಾಡಿ, ಅದು ಕೆಂಪೇರುವಾಗಲೇ ಬಿಸಿ ಕೊಟ್ಟು ನಿಲ್ಲಿಸುತ್ತಾರೆ. ಪೂರ್ತಿ ಕೆಂಪಾಗದ ಎಲೆಯಿಂದ ಕೆಂಪು ಎಲ್ಲಿಂದ ಬರಬೇಕು? ಹಗುರ ಊಲಾಂಗ್‌ನ ಸರಿಯಾದ ಬಣ್ಣ ತಿಳಿ ಹಳದಿ. ಹೆಚ್ಚು ಹುರಿದದ್ದಾದರೆ ಕಂದು ಬರುತ್ತದೆ, ಅದು ಹುರಿದ ಬಣ್ಣ.

ಇನ್ನು, ಕಿಕ್ ಕೊಡುವ ಕೆಫೀನ್‌ಗೆ ಬಣ್ಣವೇ ಇಲ್ಲ. ಬಾಯಿ ಒಗರು ಮಾಡುವ ಕ್ಯಾಟೆಚಿನ್‌ಗೂ ಬಣ್ಣ ಇಲ್ಲವೆಂದೇ ಹೇಳಬಹುದು. ನೀವು ಕಾದ ಏಳು ನಿಮಿಷದಲ್ಲಿ ಲೋಟಕ್ಕೆ ಇಳಿದದ್ದು ಇವೇ. ಕಣ್ಣಿಗೆ ಕಾಣಲಿಲ್ಲ, ನಾಲಿಗೆಗೆ ಗೊತ್ತಾಯಿತು.

ನಂಬಿಕೆ ಬರಲಿಲ್ಲವೇ? ಹಾಲಿಲ್ಲದ ಕಪ್ಪು ಟೀಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಕ್ಷಣದಲ್ಲಿ ಬಣ್ಣ ತೆಳುವಾಗುತ್ತದೆ. ಹಾಗಂತ ಕೆಫೀನ್ ಆವಿಯಾಗಿ ಹೋಯಿತೇ? ಹುಳಿಗೆ ಬಣ್ಣ ಇಳಿಯುತ್ತದೆ, ಕ್ಷಾರಕ್ಕೆ ಏರುತ್ತದೆ, ಅಷ್ಟೇ. ಬೇಕಾದರೆ ಒಂದೇ ಡಬ್ಬಿಯ ಎರಡು ಬ್ಯಾಗ್ ತೆಗೆದು ಒಂದನ್ನು ಕಾವೇರಿ ನೀರಿನಲ್ಲಿ, ಇನ್ನೊಂದನ್ನು ಕ್ಷಾರ ಹೆಚ್ಚಿರುವ ಗಡಸು ಬೋರ್‌ವೆಲ್ ನೀರಿನಲ್ಲಿ ಮೂರು ಮೂರು ನಿಮಿಷ ಬಿಟ್ಟು ನೋಡಿ. ಬೋರ್‌ವೆಲ್ ಲೋಟ ಕಪ್ಪಗಿರುತ್ತದೆ, ಮೇಲೊಂದು ಮಂಕು ಪೊರೆ ಕಟ್ಟಿರುತ್ತದೆ, ಪರಿಮಳ ಸತ್ತಿರುತ್ತದೆ. ಬಣ್ಣ ನೋಡಿ ಆರಿಸುವವರು ಅದನ್ನೇ ಆರಿಸುತ್ತಾರೆ! ಟ್ಯಾಂಕರ್ ನೀರಿನ ಮನೆಯಾದರೆ ಟೀಗೆ ಫಿಲ್ಟರ್ ನೀರು ಬಳಸಿ.

ನಿಜವಾಗಿಯೂ ಸ್ಟ್ರಾಂಗ್ ಬೇಕೆಂದರೆ ನೀರು ಕಡಿಮೆ ಮಾಡಿ ಅಥವಾ ಬ್ಯಾಗ್ ಹೆಚ್ಚಿಸಿ. ಸಮಯ ಹೆಚ್ಚಿಸಬೇಡಿ. ಪಿರಮಿಡ್ ಬ್ಯಾಗಿನ ಎಲೆ ಎರಡನೇ ಲೋಟಕ್ಕೂ ಬರುತ್ತದೆ, ಆಗ ಒಂದು ನಿಮಿಷ ಜಾಸ್ತಿ ಬಿಡಿ. ಚಪ್ಪಟೆ ಬ್ಯಾಗಿನ ಪುಡಿಯದು ಒಂದೇ ಸಲಕ್ಕೆ ಮುಗಿಯಿತು.

ಹಾಲಿನ ಮಾತು ಯಾರೂ ಎತ್ತಲಿಲ್ಲ, ಆದರೆ ಅಂಗಡಿಯಲ್ಲಿ ‘ಮಿಲ್ಕ್ ಊಲಾಂಗ್’ ಡಬ್ಬಿ ನೋಡಿ ಹಾಲಿನಪುಡಿ ಬೆರೆಸಿದ್ದಾರೆ ಅಂದುಕೊಳ್ಳುವವರಿದ್ದಾರೆ. ಅದು ತೈವಾನಿನ ಜಿನ್ ಶುವಾನ್ ಎಂಬ ತಳಿಯ ಎಲೆ, ಅದರ ಪರಿಮಳದಲ್ಲೇ ಸಣ್ಣಗೆ ಕೆನೆಯ ವಾಸನೆ ಇರುತ್ತದೆ. ಸಣ್ಣಗೆ ಅಂದೆ, ಗಮನಿಸಿ. ಡಬ್ಬಿ ತೆರೆದ ಕೂಡಲೇ ಕೋವಾ ಘಮ ಮೂಗಿಗೆ ಹೊಡೆದರೆ ಅದು ಸುವಾಸನೆ ಬೆರೆಸಿದ ಟೀ. ಕೊಳ್ಳುವ ಮೊದಲೇ ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ‘ಫ್ಲೇವರ್’ ಅಂತ ಇದ್ದರೆ ಆ ಘಮ ಎಲೆಯದಲ್ಲ.